ಪಟ್ಟಿ ಪೂರ್ಣವಾಯಿತೆ?



ಒಂದು ಜಾತಿಯ ಕೆಲವು ವಸ್ತುಗಳನ್ನು ಕಂಡೆವೆಂದು ಹೇಳುವುದು ಸುಲಭ. ಎಲ್ಲವನ್ನೂ ಕಂಡೆವು, ಇನ್ನು ಉಳಿದುದಿಲ್ಲವೆಂದು ಹೇಳುವುದು ಕಷ್ಟ. ಸಸ್ಯಶಾಸ್ತ್ರಜ್ಞನು ಈ ಮಾತನ್ನು ಆಡಲು ಹಿಂಜರಿಯುವನು, ಗಣಿತಶಾಸ್ತ್ರಜ್ಞನು ಆಡುವುದುಂಟು. ಆ ಧೈರ್ಯಕ್ಕೆ ಆಧಾರವೇನು, ಅದು ಎಲ್ಲಿ ಎಡವಿತು ಎಂಬುದನ್ನು ಒಂದು ನಿದರ್ಶನದಿಂದ ವಿಚಾರಮಾಡೋಣ.

ಮಧ್ಯಬಿಂದುವು ಕದಲದಂತೆ ಒಂದು ಚೆಂಡನ್ನು ತಿರುಗಿಸುವ ಕ್ರಿಯೆಗೆ ಭ್ರಮಣವೆನ್ನೋಣ. ಪರಿಮಿತ ಸಂಖ್ಯೆಯ ಭ್ರಮಣಗಳನ್ನು ಆಯ್ದಾಗ, ಯಾವ ಎರಡನ್ನು ಒಂದಾದಮೇಲೊಂದು ನಡೆಸಿದರೂ ಫಲವು ಅವುಗಳಲ್ಲಿಯೇ ಒಂದಾದರೆ, ಅದು ಪರಿಮಿತ ಸಮೂಹ. ಇನ್ನು, ನಾಲ್ಕು ಸಂಕೀರ್ಣ ಸಂಖ್ಯೆಗಳನ್ನು ಎರಡು ಸಾಲಾಗಿ ಜೋಡಿಸಿದ ಚೌಕವು ಒಂದು ಮಾತೃಕೆ. ನಿರ್ಧಾರಕವು 1 ಆಗಿರುವ ಇಂಥ ಮಾತೃಕೆಗಳ ಪರಿಮಿತ ಸಮೂಹಗಳೆಲ್ಲವೂ ಚೆಂಡಿನ ಭ್ರಮಣಗಳಿಗೆ ಸಂಬಂಧಪಟ್ಟಿವೆ. ಆದ್ದರಿಂದ ಭ್ರಮಣಗಳ ಪಟ್ಟಿ ದೊರೆತರೆ ಮಾತೃಕೆಗಳ ಪಟ್ಟಿಯೂ ದೊರೆತಂತೆಯೇ. ಜರ್ಮನಿಯ ಫೆಲಿಕ್ಸ್ ಕ್ಲೈನ್ ಎಂಬ ಪಂಡಿತನು 1884ರ ತನ್ನ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತರಿಸಿದನು.

ಪ್ರತಿಯೊಂದು ಭ್ರಮಣದಲ್ಲಿಯೂ ಚೆಂಡಿನ ಮೇಲೆ ಎರಡು ಬಿಂದುಗಳು ನಿಂತಲ್ಲಿಯೇ ನಿಲ್ಲುತ್ತವೆ, ಅವು ಧ್ರುವಗಳು. ಸಮೂಹದ ಭ್ರಮಣಗಳು ಒಂದು ಧ್ರುವವನ್ನು ಇನ್ನೊಂದರ ಸ್ಥಾನಕ್ಕೆ ಒಯ್ದರೆ ಅವೆರಡೂ ಒಂದೇ ವರ್ಗ. ಎಣಿಸಿ ನೋಡಿದರೆ ಧ್ರುವಗಳ ವರ್ಗಗಳು ಎರಡು ಅಥವಾ ಮೂರು ಮಾತ್ರ. ಎರಡಾದರೆ ಎಲ್ಲ ಭ್ರಮಣಗಳೂ ಒಂದೇ ಅಕ್ಷದ ಸುತ್ತ ನಡೆಯುತ್ತವೆ. ಮೂರಾದರೆ, ಆಯಾ ಧ್ರುವವನ್ನು ಕದಲಿಸದ ಭ್ರಮಣಗಳ ಸಂಖ್ಯೆಗಳನ್ನು, ಸುಮ್ಮನಿರುವುದನ್ನೂ ಸೇರಿಸಿ, ಬರೆದುಕೊಂಡು ಅವುಗಳಿಂದ 1ನ್ನು ಭಾಗಿಸಿ ಕೂಡಿದರೆ ಮೊತ್ತವು 1ನ್ನು ಮೀರಲೇಬೇಕು.

ಹಳೆಯ ರೂಪಾಯಿಯ ಲೆಕ್ಕದಲ್ಲಿ ನೋಡೋಣ. ಸಂಖ್ಯೆಗಳು 2, 3, 6 ಎನ್ನಿ. ರೂಪಾಯಿಯ ಅರ್ಧ 8 ಆಣೆ. ಮೂರನೆಯ ಒಂದು ಪಾಲು 5 ಆಣೆ 4 ಪೈ. ಆರನೆಯ ಒಂದು ಪಾಲು 2 ಆಣೆ 8 ಪೈ. ಮೊತ್ತ ಸರಿಯಾಗಿ ಹದಿನಾರಾಣೆ, ಮೀರಲಿಲ್ಲ. ಆದುದರಿಂದ 2, 3, 3. 2, 3, 4. 2, 3, 5 ಇವಿಷ್ಟೇ ಸಲ್ಲುವುವು. ಜೊತೆಗೆ 2, 2 ಮತ್ತು ಬೇಕಾದೊಂದು ಸಂಖ್ಯೆ. ಮೊದಲ ಮೂರು ಕ್ರಮವಾಗಿ ಚತುರ್ಮುಖ, ಅಷ್ಟಮುಖ, ವಿಂಶತಿಮುಖ ಘನಗಳವು. ಅವುಗಳ ಭ್ರಮಣಗಳು 12, 24, 60. ಮಾತೃಕೆಗಳಾದರೆ ಇಮ್ಮಡಿ, ಅಂದರೆ 24, 48, 120. ಇಲ್ಲಿಗೆ ಪಟ್ಟಿ ಮುಗಿಯಿತು. ಸಂದೇಹಕ್ಕೆ ಎಡೆಯೇ ಇಲ್ಲ.

ಮೂರು ಸಾಲಿನ ಮಾತೃಕೆಗಳಿಗೆ ಬಂದರೆ ದಾರಿ ಇಷ್ಟು ನೇರವಲ್ಲ. ಅನೇಕ ಸಂದರ್ಭಗಳನ್ನು ಬಿಡಿಸಿ ಒಂದೊಂದನ್ನೂ ಪರೀಕ್ಷಿಸಬೇಕು. ಫ್ರಾನ್ಸಿನ ಕಮೀಲ್ ಜೋರ್ದಾನ್ ಅಸಾಧಾರಣ ಪ್ರತಿಭಾಶಾಲಿ. 1878ರಲ್ಲಿ ಆತನು ಸಿದ್ಧಪಡಿಸಿದ ಪಟ್ಟಿಯಲ್ಲಿ 168 ಮಾತೃಕೆಗಳ ಸಮೂಹವೊಂದು ಬಿಟ್ಟುಹೋಯಿತು. ಅದನ್ನು ಕ್ಲೈನನು ತೋರಿಸಿದನು. 1080 ಮಾತೃಕೆಗಳ ಇನ್ನೊಂದು ಸಮೂಹವನ್ನು 1889ರಲ್ಲಿ ಡೆನ್ಮಾರ್ಕಿನ ವ್ಯಾಲೆಂಟೀನರನು ಕಂಡನು. ಬ್ಲಿಕ್‌ಫೆಲ್ಟನು 1917ರ ಗ್ರಂಥದಲ್ಲಿ ವರ್ಗೀಕರಣವನ್ನು ಕ್ರಮಪಡಿಸಿದನು. ಆದರೂ 1993ರಲ್ಲಿ ಯೌ ಮತ್ತು ಯೂ ಎಂಬ ಇಬ್ಬರು, ಹಳೆಯ ಪಟ್ಟಿಯಲ್ಲಿ ಬೇರೆಯಾಗಿ ಎಣಿಸದೆ ಉಳಿದಿದ್ದ ಎರಡು ಸಮೂಹಗಳನ್ನು ಸೇರಿಸಿದರು. ಅವುಗಳ ಗಾತ್ರ 180 ಮತ್ತು 504.

ಇದರಿಂದ ಗಣಿತದ ನಿಶ್ಚಯಕ್ಕೆ ಕುಂದು ಬಂದಿತೆಂದು ನಾವು ಭಾವಿಸಬೇಕಾಗಿಲ್ಲ. ಪಂಡಿತನ ಕೀರ್ತಿಯನ್ನು ನಂಬಿ ಪಟ್ಟಿಯನ್ನು ಒಪ್ಪಿದ್ದರೆ ಆ ಲೋಪಗಳು ಇಂದಿಗೂ ಕಾಣುತ್ತಿರಲಿಲ್ಲ. ಉಪಪತ್ತಿಯು ಎಲ್ಲರ ಕಣ್ಣಿಗೂ ತೆರೆದಿದ್ದುದರಿಂದಲೇ, ಮುಂದಿನವನು ಹೆಜ್ಜೆಹೆಜ್ಜೆಗೂ ನಿಂತು ಪರೀಕ್ಷಿಸಿ ಬಿಟ್ಟುದನ್ನು ತುಂಬಲು ಸಾಧ್ಯವಾಯಿತು. “ಇಷ್ಟೇ” ಎಂಬ ಮಾತನ್ನು ಯಾರಿಂದ ಕೇಳಿದರೂ, “ಏಕೆ ಇಷ್ಟೇ?” ಎಂದು ಕೇಳುವ ಅಧಿಕಾರವು ನಮ್ಮೆಲ್ಲರಿಗೂ ಉಂಟು.