ಪಾಪಾಸುಕಳ್ಳಿಯ ಕೆಂಪು

ಮಂಗಳೂರಿನ ಬಲ್ಮಠದಲ್ಲಿ ಬಣ್ಣದ ಮಾತೆತ್ತಿದರೆ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆ ನೆನಪಾಗುತ್ತದೆ. ಮಿಷನ್ನಿನ ಜಾನ್ ಹಾಲರ್ ಅಲ್ಲಿ ಖಾಕಿ ಬಣ್ಣ ಕಂಡುಹಿಡಿದರು ಎಂಬುದು ಊರಿನ ಹೆಮ್ಮೆ. ಅದಕ್ಕೂ ಮೊದಲು ಕೆಂಪು ಬಣ್ಣದ ಆಸೆಗೆ ಆದ ಎಡವಟ್ಟೇ ನನಗೆ ಹೆಚ್ಚು ಇಷ್ಟ.

ಪಾಪಾಸುಕಳ್ಳಿ ಗೊತ್ತಲ್ಲ? ಬೇಲಿ ಬುಡದಲ್ಲಿ ಹರಡಿಕೊಂಡು, ದಪ್ಪ ಹಸಿರು ಹಾಳೆಗಳ ಅಂಚಿನಲ್ಲಿ ಕೆನ್ನೇರಳೆ ಹಣ್ಣು ಹೊತ್ತ ಗಿಡ. ಅಮೆರಿಕ ಖಂಡದಿಂದ ಬಂದದ್ದು. ಅದರ ಮೇಲೆ ಬದುಕುವ ಒಂದು ಕೀಟದಿಂದ ಕಡುಗೆಂಪು ಬಣ್ಣ ತೆಗೆಯುತ್ತಾರೆ. ಕಂಪನಿ ಸರ್ಕಾರದ ಕಾಲದಲ್ಲಿ, 1795ರಲ್ಲಿ, ಬ್ರೆಜಿಲ್‌ನಿಂದ ಭಾರತಕ್ಕೆ ಆ ಕೀಟ ತರಿಸಿದರು. ಬಂದದ್ದು ಬೇರೆಯೇ ಜಾತಿ! ಬಣ್ಣ ಕಳಪೆ, ಹಸಿವು ಮಾತ್ರ ಜೋರು. ಒಂದು ಜಾತಿಯ ಕಳ್ಳಿಯನ್ನು ಹೆಚ್ಚುಕಡಿಮೆ ತಿಂದೇ ಮುಗಿಸಿತು. ಇನ್ನೊಂದು ಜಾತಿಯ ಕಳ್ಳಿಯನ್ನು ಹದ್ದುಬಸ್ತಿನಲ್ಲಿಡಲು 1926ರಲ್ಲಿ ಸಿಂಹಳದಿಂದ ಮತ್ತೊಂದು ಕೀಟವನ್ನು, ಈ ಸಲ ಬೇಕೆಂದೇ, ತಂದು ದಕ್ಷಿಣ ಭಾರತದಲ್ಲಿ ಬಿಟ್ಟರು.

ಕೆಂಪು ಕೀಟದಲ್ಲಷ್ಟೇ ಅಲ್ಲ, ಕಳ್ಳಿಯ ಹಣ್ಣಿನಲ್ಲೂ ಇದೆ. ಆ ಹಣ್ಣು ತಿನ್ನಲು ಒಂದು ಕ್ರಮವಿದೆ. ಸಿಪ್ಪೆಯ ಮೇಲೆ ಕೂದಲಿನಂಥ ಸಣ್ಣ ಮುಳ್ಳುಗಳ ಗೊಂಚಲು. ನಾಲಿಗೆಗೆ ನಾಟಿದರೆ ದಿನವಿಡೀ ಫಜೀತಿ. ಒರಟು ಕಲ್ಲಿಗೆ ಚೆನ್ನಾಗಿ ಉಜ್ಜಿ, ಸಿಪ್ಪೆ ಸುಲಿದ ಮೇಲೆಯೇ ಬಾಯಿಗೆ. ಒಳಗೆ ತುಂಬ ಬೀಜ, ಹಿತವಾದ ಹುಳಿಸಿಹಿ. ತುಟಿ, ಬೆರಳು ಕೆಂಪೋ ಕೆಂಪು. ಬಿಸಿಗೆ, ಬಿಸಿಲಿಗೆ ಬೇಗ ಮಾಸುವ ಈ ರಸ ಬಟ್ಟೆಗೆ ಒದಗದು. ಶರಬತ್ತಿಗಂತೂ ಬಲು ಚೆಂದ.