ಗಾಲಿ ಮೇಲಿನ ಮನೆಗೆ ರಾತ್ರಿ ಕರೆಂಟ್ ಎಲ್ಲಿಂದ?



ರಜೆ ಹತ್ತಿರ ಬಂತು. ಮೊಬೈಲ್ ತೆರೆದರೆ ಸಾಕು, ಬರೀ ಕ್ಯಾರವಾನ್ ರೀಲ್ಸ್. ಒಳಗೇ ಹಾಸಿಗೆ, ಒಳಗೇ ಅಡುಗೆಮನೆ, ಕಿಟಕಿ ತೆಗೆದರೆ ಬೆಟ್ಟ. ಬಾಡಿಗೆಗೂ ಸಿಗುತ್ತೆ. ಹಾಗಾದ್ರೆ ತಗೋಬೇಕಾ, ಬೇಡ್ವಾ?

ಮೊದಲು ಒಳ್ಳೇದನ್ನೇ ಹೇಳ್ತೀನಿ. ಕಳೆದ ವರ್ಷ ಅಪ್ಪ-ಅಮ್ಮನನ್ನ ಚಿಕ್ಕಮಗಳೂರಿಗೆ ಕರ್ಕೊಂಡು ಹೋಗೋಕೆ ನಾವೂ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದೆವು. ನಮ್ಮಮ್ಮ ಪ್ರಯಾಣ ಅಂದ್ರೆ ಬೆಳಗ್ಗೆಯಿಂದಲೇ ನೀರು ಕುಡಿಯೋದು ಬಿಡುವವರು. ಕಾರಣ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ದಾರಿಯಲ್ಲಿ ಶೌಚಾಲಯ ಎಲ್ಲಿದೆ? ಇದ್ದರೂ ಒಳಗೆ ಕಾಲಿಡೋ ಹಾಗಿರುತ್ತಾ? ಆ ದಿನ ಮಾತ್ರ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಅಮ್ಮ ಎರಡು ಲೋಟ ಮಜ್ಜಿಗೆ ಕುಡಿದಿದ್ದರು. ಮಂಡಿನೋವಿನ ಅಪ್ಪ ಕಾಲು ಚಾಚಿ ಮಲಗಿದ್ದರು. ಈ ಸುಖಕ್ಕೆ ಬೆಲೆ ಕಟ್ಟೋಕಾಗಲ್ಲ.

ಆದರೆ ಬಾಡಿಗೆಗಂತೂ ಬೆಲೆ ಇದೆ. ದಿನದ ಬಾಡಿಗೆ ನೋಡಿ ಖುಷಿಪಡಬೇಡಿ. ಕಿಲೋಮೀಟರ್ ಮಿತಿ ಎಷ್ಟು, ಡ್ರೈವರ್ ಬಾಟಾ, ಡೀಸೆಲ್, ಟೋಲ್, ರಾತ್ರಿ ನಿಲ್ಲಿಸುವ ಜಾಗದ ಶುಲ್ಕ ಯಾರದ್ದು, ಎಲ್ಲ ಬರೆಸಿಕೊಳ್ಳಿ. ಇಬ್ಬರೇ ಹೋಗೋದಾದ್ರೆ ಕಾರು, ಹೋಟೆಲ್ಲೇ ಅಗ್ಗ ಬೀಳಬಹುದು. ಇನ್ನು ಎಲ್ಲೆಂದರಲ್ಲಿ ನಿಲ್ಲಿಸ್ತೀವಿ ಅನ್ನೋದು ರೀಲ್ಸ್‌ನ ಮಾತು. ಬಂಡೀಪುರದ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಉದ್ದನೆಯ ಗಾಡಿ ತಿರುಗಿಸೋದು ಆಟ ಅಲ್ಲ.

ಇವೆಲ್ಲ ದುಡ್ಡಿನ, ದಾರಿಯ ಮಾತಾಯ್ತು. ಜೀವದ ಮಾತು ಇನ್ನೂ ಬಾಕಿ ಇದೆ.

ಆವತ್ತು ರಾತ್ರಿ ಹೋಮ್‌ಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ವಿ. ಅಲ್ಲಿ ಗಾಡಿಗೆ ಕರೆಂಟ್ ಕೊಡೋ ವ್ಯವಸ್ಥೆ ಇರಲಿಲ್ಲ. ಹನ್ನೊಂದೂವರೆಗೆ ಎಸಿ ನಿಂತಿತು. ಡ್ರೈವರ್ ಪಾಪ, ಒಳ್ಳೇ ಮನಸ್ಸಿನಿಂದಲೇ ಕೇಳಿದರು: "ಜನರೇಟರ್ ಹಾಕ್ಲಾ ಸಾರ್? ಅಮ್ಮಾವ್ರಿಗೆ ಸೆಕೆ ಆಗುತ್ತೆ."

ಎಂಜಿನಿಯರಿಂಗ್ ಓದಿದ್ದು ಆಗ ಕೆಲಸಕ್ಕೆ ಬಂತು. ಲೆಕ್ಕ ನೋಡಿ. 12 ವೋಲ್ಟ್‌ನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರೋದು 2,400 ವ್ಯಾಟ್-ಅವರ್. ನಮ್ಮ ಕರೆಂಟ್ ಬಿಲ್ ಭಾಷೆಯಲ್ಲಿ ಎರಡೂವರೆ ಯೂನಿಟ್‌ಗೂ ಕಮ್ಮಿ. 1,000 ವ್ಯಾಟ್ ಎಳೆಯುವ ಎಸಿ ಎಷ್ಟು ಹೊತ್ತು ಓಡುತ್ತೆ? ಹೆಚ್ಚೆಂದರೆ ಎರಡು ಗಂಟೆ ಚಿಲ್ಲರೆ. ಹಾಗಾದ್ರೆ ಬೆಳಗಿನ ತನಕ ತಂಪು ಬೇಕು ಅಂದ್ರೆ? ಹೊರಗಿನಿಂದ ಕರೆಂಟ್ ಬರಬೇಕು, ಇಲ್ಲಾ ಏನನ್ನೋ ಉರಿಸಬೇಕು. ಉರಿಸಿದರೆ ಹೊಗೆ.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಶವವಾಗಿ ಸಿಕ್ಕರು, ನೆನಪಿದೆಯಾ? ಜನರೇಟರ್‌ನಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು ಅಂತ ತಜ್ಞರ ಪರೀಕ್ಷೆಯಲ್ಲಿ ಗೊತ್ತಾಯ್ತು. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತೆ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು.

ನಾನು "ಬೇಡಣ್ಣ" ಅಂದೆ. ಕಿಟಕಿ ತೆಗೆದು ಮಲಗಿದ್ವಿ. ರಾತ್ರಿಯಿಡೀ ಸೊಳ್ಳೆ ಕಚ್ಚಿತು. ಬೆಳಗ್ಗೆ ಅಮ್ಮ ಬೈದುಕೊಂಡೇ ಕಾಫಿ ಕಾಯಿಸಿದರು. ಬೈಯೋಕೆ ಅವರಿದ್ದರು, ಬೈಸ್ಕೊಳ್ಳೋಕೆ ನಾನಿದ್ದೆ. ಅಷ್ಟು ಸಾಕು.

ಅದಕ್ಕೇ, ಅಡ್ವಾನ್ಸ್ ಕೊಡೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ರಾತ್ರಿ ಎಸಿ ಯಾವುದರಿಂದ ಓಡುತ್ತೆ? ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ, ಒತ್ತಿದರೆ ಕೂಗುತ್ತಾ? ಶೌಚದ ಟ್ಯಾಂಕ್ ಎಲ್ಲಿ ಖಾಲಿ ಮಾಡ್ತೀರಿ? ಈ ಮೂರನೆಯದ್ದಕ್ಕೆ 'ದಾರಿಯಲ್ಲಿ ಎಲ್ಲಾದ್ರೂ' ಅಂತ ಉತ್ತರ ಬಂದರೆ, ಆ 'ಎಲ್ಲಾದ್ರೂ' ಯಾವುದೋ ಊರಿನವರು ಕುಡಿಯೋ ಹಳ್ಳ ಅಂತ ತಿಳ್ಕೊಳ್ಳಿ. ಬಾಗಿಲು ಮುಚ್ಚಿ ಒಳಗೆ ಇದ್ದಿಲು ಒಲೆ ಹಚ್ಚಬೇಡಿ. ಮಲಗುವಾಗ ಎಂಜಿನ್, ಜನರೇಟರ್ ಎರಡೂ ಆಫ್ ಆಗಿರಲಿ. ಒಳಗಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಪ್ರಯಾಣದ ಸುಸ್ತು ಅಂದ್ಕೋಬೇಡಿ. ಎಲ್ಲರನ್ನೂ ಮೊದಲು ಹೊರಗೆ ಕರೆತನ್ನಿ, ಆಮೇಲೆ ಆಸ್ಪತ್ರೆಗೆ ಹೊರಡಿ.

ಸರ್ಕಾರಗಳೂ ಕ್ಯಾರವಾನ್ ಪ್ರವಾಸೋದ್ಯಮ ಬೆಳೆಸ್ತೀವಿ ಅಂತ ಹೇಳ್ತಿವೆ. ಬೆಳೆಸಲಿ. ಆದರೆ ಮೊದಲು ಗಾಡಿ ನಿಲ್ಲಿಸೋಕೆ ಜಾಗ, ಅಲ್ಲೊಂದು ಪ್ಲಗ್ ಪಾಯಿಂಟ್, ಟ್ಯಾಂಕ್ ಖಾಲಿ ಮಾಡೋಕೆ ವ್ಯವಸ್ಥೆ ಕೊಡಲಿ. ಹಾಗೆಯೇ ಹೆದ್ದಾರಿಯಲ್ಲಿ ಒಂದು ಶುಚಿಯಾದ ಶೌಚಾಲಯ ಕಟ್ಟಲಿ. ಕ್ಯಾರವಾನ್ ಬಾಡಿಗೆ ಕೊಡಲಾಗದ ಮನೆಯ ಅಮ್ಮಂದಿರೂ ದಾರಿಯಲ್ಲಿ ಧೈರ್ಯವಾಗಿ ಒಂದು ಲೋಟ ಮಜ್ಜಿಗೆ ಕುಡಿಯಲಿ.

ಹೋಗಿ ಬನ್ನಿ. ಕ್ಷೇಮವಾಗಿ ಬನ್ನಿ.