ಗಂಧದ ನಾಡಲ್ಲಿ ಗಂಧ ಬೆಳೆಯೋಕೆ ಭಯ

ವೀಕ್ಷಕರೇ, ಇವತ್ತು ಒಂದು ಪುಟ್ಟ ಅತ್ತರ್ ಸೀಸೆಯ ವಿಷಯ. ಇದು ಶುರುವಾಗೋದು ಉತ್ತರ ಪ್ರದೇಶದ ಕನೌಜ್‌ನಲ್ಲಿ, ಬಂದು ನಿಲ್ಲೋದು ನಮ್ಮ ರೈತನ ಹೊಲದಲ್ಲಿ.

ಕನೌಜ್‌ನಲ್ಲಿ ಗುಲಾಬಿ, ಮಲ್ಲಿಗೆ, ಕೇದಿಗೆ ಹೂಗಳನ್ನು ದೊಡ್ಡ ತಾಮ್ರದ ಹಂಡೆಗೆ ತುಂಬಿ, ನೀರು ಹಾಕಿ, ಮುಚ್ಚಳದ ಸುತ್ತ ಮಣ್ಣು ಮೆತ್ತಿ, ಕೆಳಗೆ ಬೆಂಕಿ ಹಾಕ್ತಾರೆ. ಹೂವಿನ ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಲ್ಲಿ ಕೂರಿಸಿದ ಇನ್ನೊಂದು ಪಾತ್ರೆಗೆ ಇಳಿಯುತ್ತೆ. ಆ ಪಾತ್ರೆಯಲ್ಲಿ ಮೊದಲೇ ಏನಿರುತ್ತೆ ಗೊತ್ತಾ? ಶ್ರೀಗಂಧದ ಎಣ್ಣೆ. ಹೂವಿನ ಪರಿಮಳ ಬೇಗ ಹಾರಿಹೋಗುತ್ತೆ, ಅದನ್ನು ಹಿಡಿದಿಡೋದು ಗಂಧದೆಣ್ಣೆ. ಆದರೆ ಈಗ ಆ ಎಣ್ಣೆಯ ಬೆಲೆ ಕೈಗೆಟುಕಲ್ಲ. ಹೀಗಾಗಿ ಎಷ್ಟೋ ಕಡೆ ಅದರ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದು ಕೂತಿದೆ.

ಗಂಧ ಯಾಕೆ ಇಷ್ಟು ಅಪರೂಪವಾಯ್ತು? 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷ ಅಂತ ಸಾರಿದ. ಮೊದಲ ಮಹಾಯುದ್ಧದಲ್ಲಿ ಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಎಣ್ಣೆ ತೆಗೆಯುವ ಕೆಲಸ ಇಲ್ಲೇ ಶುರುವಾಯ್ತು. ಮೈಸೂರು ಗಂಧ ಅಂದ್ರೆ ಪ್ಯಾರಿಸ್‌ನ ಸುಗಂಧ ತಯಾರಕರೂ ತಲೆದೂಗುವಂತಾಯ್ತು.

ಆದರೆ ರೈತನಿಗೆ? ಹೊಲ ಅವನದು, ಅದರಲ್ಲಿ ಹುಟ್ಟಿದ ಗಂಧದ ಮರ ಮಾತ್ರ ಸರ್ಕಾರದ್ದು! ಕಾಯೋ ಜವಾಬ್ದಾರಿ ಮಾತ್ರ ಅವನ ತಲೆ ಮೇಲೆ. ಸಸಿ ಕಂಡರೆ ಯಾಕಪ್ಪಾ ಈ ತಾಪತ್ರಯ ಅಂತ ಕಿತ್ತೆಸೆದವರೂ ಇದ್ದರು. ಕಾಡಿನಲ್ಲಿದ್ದ ಮರಗಳನ್ನು ಕಳ್ಳರು ಕಡಿದರು, ಸ್ಪೈಕ್ ರೋಗ ಒಣಗಿಸಿತು. ಮರ ಜಮೀನಿನ ಮಾಲೀಕನದು ಅಂತ ರಾಜ್ಯದ ಕಾನೂನು ತಿದ್ದುಪಡಿಯಾಗಿದ್ದು 2001ರಲ್ಲಿ. ಅಂದ್ರೆ ಎರಡು ಶತಮಾನ ದಾಟಿದ ಮೇಲೆ!

ಈ ಮಧ್ಯೆ ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾ ಸುತ್ತ ನಮ್ಮದೇ ಜಾತಿಯ ಗಂಧವನ್ನು ಸಾವಿರಾರು ಎಕರೆಯಲ್ಲಿ ಬೆಳೆಸಿದ್ದಾರೆ. ಅಲ್ಲಿ ಅದು ನೀರಾವರಿ ಬೆಳೆ ಸ್ವಾಮಿ. ಇಲ್ಲಿ?

ಗಂಧದ ಮರದಲ್ಲಿ ಎಣ್ಣೆ ತುಂಬಿದ ಚೇಗು ಕಟ್ಟೋಕೆ ಕನಿಷ್ಠ ಹದಿನೈದು ವರ್ಷವಾದರೂ ಬೇಕು. ಅಷ್ಟು ವರ್ಷ ಮಕ್ಕಳ ಹಾಗೆ ಸಾಕಿದ ಮರ ಒಂದೇ ರಾತ್ರಿ ಗರಗಸಕ್ಕೆ ಬಿದ್ದರೆ ಆ ರೈತ ಮತ್ತೆ ಸಸಿ ನೆಡ್ತಾನಾ? ಸಸಿ ಹಂಚಿ ಫೋಟೋ ತೆಗೆಸಿಕೊಂಡರೆ ಸಾಲದು. ಕಾವಲಿಗೆ ನೆರವು ಕೊಡಿ, ವಿಮೆ ಕೊಡಿ, ಕಳ್ಳತನದ ದೂರು ಬಂದ ದಿನವೇ ತನಿಖೆ ಶುರುಮಾಡಿ. ಅದಾಗದೆ ವೇದಿಕೆ ಮೇಲೆ ನಿಂತು ಗಂಧದ ನಾಡು ಅಂತ ಭಾಷಣ ಮಾಡಿದರೆ, ಹೊಲ ಕಾಯುತ್ತಾ ನಿದ್ದೆಗೆಟ್ಟಿರೋ ರೈತ ಅದನ್ನ ನಂಬಬೇಕಾ?